ಹೆಸರು ನಂಬಬೇಡಿ, ಅಂಕಿ ನೋಡಿ: ನೆದರ್ಲೆಂಡ್ಸ್‌ನಲ್ಲಿ ಗಾಂಜಾ ತಳಿಗಳ ಲೆಕ್ಕ



ಲೆಕ್ಕಪರಿಶೋಧಕನನ್ನು ದಿಕ್ಸೂಚಿ ಭಾಷಣಕ್ಕೆ ಕರೆದರೆ ಆತ ಶೇ. 30ರ ತೆರಿಗೆ ರಿಯಾಯಿತಿಯ ಬಗ್ಗೆ ಮಾತಾಡುತ್ತಾನೆ ಅಂತ ನೀವು ಅಂದುಕೊಂಡಿರಬಹುದು. ಆ ವಿಷಯವನ್ನು ಹೋದ ಎರಡು ಸಮ್ಮೇಳನಗಳಲ್ಲಿ ಹಿಂಡಿ ಒಣಗಿಸಿದ್ದೇವೆ. ಈ ಸಲ ನಾನೇ ಬೇರೆ ವಿಷಯ ಕೇಳಿಕೊಂಡೆ. ಪ್ರತಿ ವರ್ಷ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ತೆರಿಗೆ ವಿವರ ಸಲ್ಲಿಸಲು ನನ್ನ ಬಳಿ ಬರುವ ನಮ್ಮವರು, ಲೆಕ್ಕ ಮುಗಿದ ಮೇಲೆ ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು ಹೆಚ್ಚುತ್ತಿವೆ. "ಚಳಿಗಾಲದಲ್ಲಿ ನಿದ್ದೆನೇ ಬರಲ್ಲ, ಇಂಡಿಕಾ ಅಂತ ಸಿಗುತ್ತಂತಲ್ಲ, ಅದು ನಿದ್ದೆಗೆ ಒಳ್ಳೇದಾ?" "ಅಮ್ಮನಿಗೆ ಮಂಡಿನೋವು, ಇಲ್ಲಿಂದ ಎಣ್ಣೆ ತಗೊಂಡು ಹೋಗಬಹುದಾ?" "ಬೆಂಗಳೂರಿಂದ ಭಾವಮೈದ ಬಂದಿದ್ದಾನೆ, ಕಾಫಿಶಾಪ್ ನೋಡಬೇಕಂತೆ, ಯಾವುದು ಕೊಡಿಸಲಿ?" ಇವನ್ನು ವೈದ್ಯರ ಹತ್ತಿರ ಕೇಳಲು ಸಂಕೋಚ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೇಳಲು ನಾಚಿಕೆ. ತೆರಿಗೆಯವನ ಹತ್ತಿರ ಹೇಗೂ ಎಲ್ಲ ಗುಟ್ಟೂ ಬಯಲಾಗಿರುತ್ತದಲ್ಲ, ಅಲ್ಲೇ ಕೇಳಿಬಿಡುತ್ತಾರೆ.

ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಆದರೆ ಡಬ್ಬಿಯ ಮೇಲೆ ಬರೆದಿರುವುದಕ್ಕೂ ಒಳಗಿರುವುದಕ್ಕೂ ತಾಳೆ ಇದೆಯೇ ಎಂದು ನೋಡುವುದೇ ನನ್ನ ವೃತ್ತಿ. ಗಾಂಜಾ ತಳಿಗಳ ವಿಷಯದಲ್ಲಿ ಬೇಕಾದದ್ದೂ ಅದೇ ಕಣ್ಣು. ಸೇದಿ ಎಂದು ಹೇಳಲು ನಾನು ನಿಂತಿಲ್ಲ. ಸೇದುವವರು ಇದ್ದಾರೆ, ಸೇದದೆಯೂ ಪ್ರಶ್ನೆ ಇರುವವರು ಇದ್ದಾರೆ. ಇಬ್ಬರಿಗೂ ಸರಿಯಾದ ಮಾಹಿತಿ ಸಿಗಲಿ ಎಂಬುದಷ್ಟೇ ನನ್ನ ಉದ್ದೇಶ.

ಮೊದಲು ಹೆಸರುಗಳ ಜಾತಕ ನೋಡೋಣ. ಇದರಲ್ಲಿ ನಮ್ಮ ಕರಾವಳಿಯ ಪಾಲೂ ಡಚ್ಚರ ಪಾಲೂ ಇವೆ. ಕೊಚ್ಚಿಯಲ್ಲಿ ಡಚ್ ಕಂಪನಿಯ ಮಲಬಾರ್ ಅಧಿಪತಿಯಾಗಿದ್ದ ಹೆಂಡ್ರಿಕ್ ವಾನ್ ರೇಡ್, ಅಲ್ಲಿಯ ಗಿಡಮೂಲಿಕೆಗಳನ್ನೆಲ್ಲ ಬರೆಸಿ, ಚಿತ್ರ ಬಿಡಿಸಿ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್' ಗ್ರಂಥ 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯರ ಜೊತೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ಪಂಡಿತರೂ ಅದಕ್ಕೆ ನೆರವಾದರು. ಅದರ ಹತ್ತನೇ ಸಂಪುಟದಲ್ಲಿ ಎರಡು ಬಗೆಯ 'ಕಂಜಾವು' ಚಿತ್ರಗಳಿವೆ. ಕಾಸರಗೋಡಿನ ಕಡೆಯವರಿಗೆ ಈ ಪದ ಹೊಸದೇನಲ್ಲ. ಮುಂದೆ ಲಿನೇಯಸ್ ಬಂದ. ಸ್ವೀಡನ್ನಿನವನಾದರೂ ವೈದ್ಯಪದವಿ ಪಡೆದದ್ದು 1735ರಲ್ಲಿ ನಮ್ಮ ಹಾರ್ಡರ್‌ವೈಕ್‌ನಲ್ಲಿ, ಆಮೇಲೆ ಹಾರ್ಲೆಮ್ ಬಳಿಯ ಹಾರ್ಟೆಕಾಂಪ್ ತೋಟದಲ್ಲಿ ಕೆಲಸ ಮಾಡಿದ. 1753ರಲ್ಲಿ ಆತ ಈ ಗಿಡಕ್ಕೆ 'ಕ್ಯಾನಬಿಸ್ ಸಟೈವಾ' ಎಂದು ಹೆಸರಿಟ್ಟ. ಸಟೈವಾ ಎಂದರೆ ಲ್ಯಾಟಿನ್‌ನಲ್ಲಿ 'ಬಿತ್ತಿ ಬೆಳೆದದ್ದು' ಅಷ್ಟೇ. ಆತನ ಕಣ್ಣ ಮುಂದೆ ಇದ್ದದ್ದು ಯೂರೋಪಿನಲ್ಲಿ ಹಗ್ಗಕ್ಕೂ ಹಾಯಿಬಟ್ಟೆಗೂ ಬೆಳೆಯುತ್ತಿದ್ದ ನಾರುಸೆಣಬು. 1785ರಲ್ಲಿ ಫ್ರಾನ್ಸಿನ ಲಮಾರ್ಕ್, ಭಾರತದಿಂದ ಬಂದ ಮಾದರಿಗಳನ್ನು ನೋಡಿ, ಇದು ಬೇರೆಯೇ, ಅಮಲೇರಿಸುವ ಗಿಡ ಎಂದು 'ಇಂಡಿಕಾ' ಎಂಬ ಹೆಸರು ಕೊಟ್ಟ.

ಈಗ ತಮಾಷೆ ನೋಡಿ. ಭಾರತದಲ್ಲಿ ಬೆಳೆಯುತ್ತಿದ್ದ, ಲಮಾರ್ಕ್ ಇಂಡಿಕಾ ಎಂದು ಕರೆದ ಗಿಡ ಎತ್ತರದ್ದು, ಎಲೆ ಸಪೂರ. ಇಂದಿನ ಕಾಫಿಶಾಪ್‌ನಲ್ಲಿ ಅಂಥ ಗಿಡದ ವಂಶಕ್ಕೆ 'ಸಟೈವಾ' ಎನ್ನುತ್ತಾರೆ! 1970ರ ದಶಕದಲ್ಲಿ ಅಫ್ಘಾನಿಸ್ತಾನದ ಗುಜ್ಜಾದ, ಅಗಲ ಎಲೆಯ ಗಿಡಗಳನ್ನು ನೋಡಿದ ಸಸ್ಯಶಾಸ್ತ್ರಜ್ಞರು ಅವಕ್ಕೆ ಇಂಡಿಕಾ ಎಂಬ ಹೆಸರನ್ನು ಅಂಟಿಸಿದರು. ಅಲ್ಲಿಂದ ವ್ಯಾಪಾರಿಗಳು ಎತ್ತಿಕೊಂಡರು: ಎತ್ತರದ್ದು ಸಟೈವಾ, ಕುಳ್ಳನೆಯದು ಇಂಡಿಕಾ. ಮುಂದಿನ ಹೆಜ್ಜೆಯಲ್ಲಿ ಗಿಡದ ಆಕಾರದಿಂದ ನೇರವಾಗಿ ಪರಿಣಾಮಕ್ಕೆ ಜಿಗಿದರು: ಸಟೈವಾ ಉಲ್ಲಾಸಕ್ಕೆ, ಇಂಡಿಕಾ ನಿದ್ದೆಗೆ, ಎರಡೂ ಬೇಕಾದವರಿಗೆ ಹೈಬ್ರಿಡ್. ಎತ್ತರದ ತೆಂಗಿನ ಎಳನೀರು ಕುಡಿದರೆ ಎದ್ದು ಕುಣಿಯುತ್ತೇವೆ, ಗಿಡ್ಡ ತೆಂಗಿನದು ಕುಡಿದರೆ ಮಲಗುತ್ತೇವೆ ಅಂದ ಹಾಗೆ.

1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದ ಬೀಜಗಳು ಆಮ್‌ಸ್ಟರ್‌ಡ್ಯಾಮ್‌ಗೆ ಬಂದು, ಇಲ್ಲಿಯ ಬೀಜ ಕಂಪನಿಗಳು ಒಂದಕ್ಕೊಂದು ಬೆರಕೆ ಮಾಡುತ್ತ ಹೋದವು. ಸ್ಕಂಕ್, ನಾರ್ದರ್ನ್ ಲೈಟ್ಸ್, ಹೇಜ಼್, ಆಮೇಲೆ 1990ರ ದಶಕದ ವೈಟ್ ವಿಡೋ. ಈ ಕೊನೆಯ ಎರಡರ ವಂಶಾವಳಿಯಲ್ಲಿ ದಕ್ಷಿಣ ಭಾರತದ ಗಿಡವೂ ಇದೆ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದು ವೋಚರ್ ಇಲ್ಲದ ಖರ್ಚಿನ ಹಾಗೆ ಕಾಣುತ್ತದೆ. ನಾಲ್ಕು ದಶಕ ಬೆರಕೆಯಾದ ಮೇಲೆ ಇಂದು ಅಂಗಡಿಯಲ್ಲಿ ಸಿಗುವುದೆಲ್ಲ ಹೈಬ್ರಿಡ್ಡೇ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಇಲ್ಲಿಯ ಬೆಡ್ರೋಕಾನ್ ಕಂಪನಿ ಮತ್ತು ಕೆನಡಾದ ಡಲ್ಹೌಸಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿ ನೂರಾರು ಮಾದರಿಗಳ ವಂಶವಾಹಿಯನ್ನೂ ರಸಾಯನವನ್ನೂ ಅಳೆದು 2021ರಲ್ಲಿ 'ನೇಚರ್ ಪ್ಲಾಂಟ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಡಿಕಾ, ಸಟೈವಾ ಎಂಬ ಚೀಟಿಗೂ ಗಿಡದ ಒಟ್ಟು ವಂಶಕ್ಕೂ ಹೆಚ್ಚಿನ ಸಂಬಂಧ ಕಾಣಲಿಲ್ಲ. ಒಂದೇ ಹೆಸರಿನ ಎರಡು ಮಾದರಿಗಳು ಎಷ್ಟೋ ಸಲ ಬೇರೆ ಬೇರೆ ಹೆಸರಿನವುಗಳಷ್ಟೇ ದೂರ ಇದ್ದವು. ಚೀಟಿಗೆ ಅಷ್ಟಿಷ್ಟು ಹೊಂದಿದ್ದು ಕೆಲವು ಸುವಾಸನೆಯ ದ್ರವ್ಯಗಳು ಮಾತ್ರ. ಅಂದರೆ ಬೆಳೆಗಾರರು ಮೂಗಿನಿಂದ ಮೂಸಿ ಹೆಸರಿಡುತ್ತಿದ್ದಾರೆ.

ಹಾಗಾದರೆ ನೋಡಬೇಕಾದದ್ದು ಏನು? ಎರಡು ಅಂಕಿ. ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು. ಅಮಲೇರಿಸುವುದು ಟಿಎಚ್‌ಸಿ, ಅದನ್ನು 1964ರಲ್ಲಿ ಇಸ್ರೇಲಿನ ರಾಫೇಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆ ತಿಳಿಸಿದರು. ನಮ್ಮ ಮಿದುಳಿನಲ್ಲಿ ಅದು ಹೋಗಿ ಕೂರಲು ಒಂದು ಬೀಗವಿದೆ. ಆ ಬೀಗಕ್ಕೆ ದೇಹವೇ ತಯಾರಿಸುವ ಕೀಲಿಕೈ 1992ರಲ್ಲಿ ಸಿಕ್ಕಿತು. ಅದಕ್ಕೆ ಇಟ್ಟ ಹೆಸರು 'ಆನಂದಮೈಡ್', ಸಂಸ್ಕೃತದ ಆನಂದದಿಂದಲೇ. ಸಿಬಿಡಿ ಅಮಲೇರಿಸುವುದಿಲ್ಲ. 1973ರಲ್ಲೇ ಕೆನಡಾದ ಅರ್ನೆಸ್ಟ್ ಸ್ಮಾಲ್ ಮತ್ತು ಬೆಕ್‌ಸ್ಟೆಡ್ ಈ ಎರಡರ ಅನುಪಾತ ನೋಡಿ ಗಿಡಗಳನ್ನು ಮೂರು ಗುಂಪು ಮಾಡಿದ್ದರು: ಟಿಎಚ್‌ಸಿ ಮೇಲುಗೈ, ಎರಡೂ ಇರುವುದು, ಸಿಬಿಡಿ ಮೇಲುಗೈ. ನನ್ನ ಮಟ್ಟಿಗೆ ತಳಿ ಎಂದರೆ ಈ ಮೂರೇ. ಮಿಕ್ಕ ಸಾವಿರ ಹೆಸರುಗಳು ಬೇಕರಿಯವರು ಬಿಸ್ಕತ್ತಿಗೆ ಇಡುವ ಹೆಸರಿನ ಹಾಗೆ.

ಸುವಾಸನೆಯ ದ್ರವ್ಯಗಳನ್ನು ಟರ್ಪೀನ್ ಎನ್ನುತ್ತಾರೆ. ಮಾವಿನಲ್ಲೂ ಇರುವ ಮರ್ಸೀನ್, ನಿಂಬೆಸಿಪ್ಪೆಯ ಲಿಮೊನೀನ್, ಲ್ಯಾವೆಂಡರಿನ ಲಿನಲೂಲ್, ನಮ್ಮ ಮಲೆನಾಡಿನ ಕರಿಮೆಣಸಿನ ಕ್ಯಾರಿಯೋಫಿಲೀನ್. ವಾಸನೆ, ರುಚಿ ಇವುಗಳದ್ದೇ. ಇವು ಟಿಎಚ್‌ಸಿಯ ಪರಿಣಾಮವನ್ನೇ ತಿದ್ದುತ್ತವೆ ಎಂಬ ಮಾತು ಜೋರಾಗಿದೆ, ಮನುಷ್ಯರ ಮೇಲಿನ ಪುರಾವೆ ಮಾತ್ರ ತೀರಾ ತೆಳು. ನಿಮಗೆ ಹಿಡಿಸಿದ ವಾಸನೆ ಆರಿಸಿಕೊಳ್ಳಲು ಅಡ್ಡಿಯಿಲ್ಲ. ಔಷಧ ಎಂದು ನಂಬಿ ಹೆಚ್ಚು ದುಡ್ಡು ಕೊಡಬೇಡಿ.

ಈ ಅಂಕಿಗಳು ಎಲ್ಲಿ ಸಿಗುತ್ತವೆ ಎಂಬುದು ಮುಖ್ಯ ಪ್ರಶ್ನೆ. ಅದಕ್ಕೆ ಇಲ್ಲಿಯ ಕಾನೂನಿನ ವಿಚಿತ್ರವನ್ನು ತಿಳಿಯಬೇಕು. 'ನೆದರ್ಲೆಂಡ್ಸ್‌ನಲ್ಲಿ ಗಾಂಜಾ ಕಾನೂನುಬದ್ಧ' ಎಂದು ಊರಿನಲ್ಲಿ ಎಲ್ಲರೂ ನಂಬಿದ್ದಾರೆ. ಕಾನೂನುಬದ್ಧವಲ್ಲ. 1976ರಲ್ಲಿ ಅಫೀಮು ಕಾಯ್ದೆಯನ್ನು ತಿದ್ದಿ ಗಾಂಜಾ, ಚರಸ್ಸನ್ನು ಹೆರಾಯಿನ್, ಕೊಕೇನ್‌ಗಳ ಪಟ್ಟಿಯಿಂದ ಬೇರ್ಪಡಿಸಿದರು. ಮಾರಾಟ ಈಗಲೂ ಅಪರಾಧವೇ, ಆದರೆ ಷರತ್ತು ಪಾಲಿಸುವ ಕಾಫಿಶಾಪ್ ಮೇಲೆ ಮೊಕದ್ದಮೆ ಹೂಡುವುದಿಲ್ಲ. ಇದಕ್ಕೆ 'ಖೆಡೋಖ್‌ಬೆಲೈಡ್' ಎನ್ನುತ್ತಾರೆ, ಸಹಿಸಿಕೊಳ್ಳುವ ನೀತಿ. ನಮ್ಮಲ್ಲಿ 'ಕಂಡೂ ಕಾಣದಂತೆ' ಎನ್ನುವುದನ್ನು ಇವರು ಕಾಗದದ ಮೇಲೆ ಬರೆದು ಸಹಿ ಹಾಕಿದ್ದಾರೆ. ಜಾಹೀರಾತು ಕೂಡದು, ಕಠಿಣ ಮಾದಕ ದ್ರವ್ಯ ಕೂಡದು, ಅಕ್ಕಪಕ್ಕದವರಿಗೆ ಉಪದ್ರವ ಕೂಡದು, 18ರ ಒಳಗಿನವರಿಗೆ ಪ್ರವೇಶವಿಲ್ಲ, ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಿ ಕೊಡಬಾರದು. 2013ರಿಂದ ಇಲ್ಲಿಯ ನಿವಾಸಿಗಳಿಗೆ ಮಾತ್ರ ಎಂಬ ಷರತ್ತೂ ಸೇರಿದೆ. ಅದನ್ನು ಜಾರಿ ಮಾಡುವುದು ಆಯಾ ಪುರಸಭೆಗೆ ಬಿಟ್ಟದ್ದು. ಆಮ್‌ಸ್ಟರ್‌ಡ್ಯಾಮ್ ಪ್ರವಾಸಿಗಳನ್ನು ಬಿಡುತ್ತದೆ, ಮಾಸ್ಟ್ರಿಕ್ಟ್ ಬಿಡುವುದಿಲ್ಲ. ಭಾವಮೈದನನ್ನು ಕರೆದುಕೊಂಡು ಹೋಗುವ ಮುಂಚೆ ಇದು ಗೊತ್ತಿರಲಿ. (ಚಿಕ್ಕಮಗಳೂರಿನ ಹಿರಿಯರೊಬ್ಬರು ಫಿಲ್ಟರ್ ಕಾಫಿ ಹುಡುಕಿಕೊಂಡು ಕಾಫಿಶಾಪ್ ಒಳಗೆ ಹೋಗಿ, ಮೆನು ಕೇಳಿ, ಬೆವರಿ ಹೊರಬಂದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಾಫಿ ಬೇಕಾದರೆ ಕೆಫೆಗೆ ಹೋಗಿ.)

ಮುಂಬಾಗಿಲಲ್ಲಿ ಮಾರಲು ಸಹನೆ ಇದೆ, ಹಿಂಬಾಗಿಲಲ್ಲಿ ಕೊಳ್ಳಲು ಇಲ್ಲ. ಕಾಫಿಶಾಪ್‌ಗೆ ಮಾಲು ಬೆಳೆದು ಕೊಡುವವನು ಅಪರಾಧಿಯೇ. ನನ್ನಂಥವನಿಗೆ ಇದು ಕನಸಿನಲ್ಲಿ ಬಂದು ಕಾಡುವ ಖಾತೆಪುಸ್ತಕ: ಮಾರಾಟ ಇದೆ, ಆದಾಯ ತೆರಿಗೆ ಕಟ್ಟುತ್ತಾರೆ, ಖರೀದಿಗೆ ಒಂದೂ ಸರಿಯಾದ ಬಿಲ್ಲಿಲ್ಲ. ಮೌಲ್ಯವರ್ಧಿತ ತೆರಿಗೆಯ ಕಥೆ ಇನ್ನೂ ಚೆಂದ. ಆಮ್‌ಸ್ಟರ್‌ಡ್ಯಾಮ್‌ನ 'ಹ್ಯಾಪಿ ಫ್ಯಾಮಿಲಿ' ಎಂಬ ಸಂಘದ ಪ್ರಕರಣದಲ್ಲಿ ಯೂರೋಪಿನ ನ್ಯಾಯಾಲಯ 1988ರಲ್ಲಿ, ಕಾನೂನುಬಾಹಿರ ಮಾದಕದ ಮಾರಾಟದ ಮೇಲೆ ಈ ತೆರಿಗೆ ಹಾಕುವಂತಿಲ್ಲ ಎಂದಿತು. 1999ರಲ್ಲಿ 'ಸೈಬೀರಿಯೆ' ಕಾಫಿಶಾಪ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಗಾಂಜಾ ಮಾರುವವನಿಗೆ ಅಂಗಡಿಯೊಳಗೆ ಮೇಜು ಬಾಡಿಗೆ ಕೊಟ್ಟರೆ ಆ ಬಾಡಿಗೆಗೆ ತೆರಿಗೆ ಉಂಟು ಎಂದಿತು. ಸೊಪ್ಪಿಗಿಲ್ಲ, ಮೇಜಿಗಿದೆ. ಇದನ್ನು ಹೇಳಿದಾಗ ನಮ್ಮ ವೃತ್ತಿಯವರು ನಗುತ್ತಾರೆ, ಬೇರೆಯವರು ಸುಮ್ಮನೆ ನನ್ನನ್ನೇ ನೋಡುತ್ತಾರೆ.

ಹಿಂಬಾಗಿಲ ಗುಟ್ಟಿನಿಂದ ನಷ್ಟ ಕೊಳ್ಳುವವನಿಗೆ. ಕಪ್ಪುಹಲಗೆಯ ಮೇಲೆ 'ಅಮ್ನೇಶಿಯಾ ಹೇಜ಼್, ಸಟೈವಾ' ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಯಾರು ಬೆಳೆದರು, ಯಾವ ಕೀಟನಾಶಕ ಹೊಡೆದರು, ಟಿಎಚ್‌ಸಿ ಎಷ್ಟು, ಯಾವುದಕ್ಕೂ ದಾಖಲೆ ಇಲ್ಲ. ಲೈಡನ್‌ನ ಸಂಶೋಧಕರು 2006ರಲ್ಲಿ ಕಾಫಿಶಾಪ್ ಮಾಲನ್ನೂ ಔಷಧಾಲಯದ ಮಾಲನ್ನೂ ಹೋಲಿಸಿದಾಗ, ಕಾಫಿಶಾಪ್ ಮಾದರಿಗಳಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಸಿಕ್ಕಿದವು. ಹಲವು ಪೊಟ್ಟಣಗಳಲ್ಲಿ ತೂಕವೂ ಕಡಿಮೆ ಇತ್ತು. ತ್ರಿಂಬೋಸ್ ಸಂಸ್ಥೆ 2000ದಿಂದ ಪ್ರತಿ ವರ್ಷ ಕಾಫಿಶಾಪ್‌ಗಳಿಂದ ಮಾದರಿ ಕೊಂಡು ಅಳೆಯುತ್ತದೆ. ಇಲ್ಲಿ ಬೆಳೆದ ಗಾಂಜಾದಲ್ಲಿ ಟಿಎಚ್‌ಸಿ ಸರಾಸರಿ ಬಹುಕಾಲದಿಂದ ಶೇ. 15ರ ಆಸುಪಾಸಿನಲ್ಲಿದೆ, ಸಿಬಿಡಿ ಹೆಸರಿಗಷ್ಟೇ. ಸಟೈವಾ ಆಗಲಿ ಇಂಡಿಕಾ ಆಗಲಿ, ಹಲಗೆಯ ಮೇಲಿನ ಬಹುತೇಕ ಎಲ್ಲವೂ ಸ್ಮಾಲ್ ಅವರ ಮೊದಲ ಗುಂಪಿಗೇ ಸೇರಿದವು. ಇಪ್ಪತ್ತು ಹೆಸರು ಇದ್ದರೂ ಆಯ್ಕೆ ನಿಜವಾಗಿ ಒಂದೇ.

ಎರಡು ಕಡೆ ಮಾತ್ರ ಸರಿಯಾದ ಚೀಟಿ ಸಿಗುತ್ತದೆ. ಒಂದು, ಈಗ ನಡೆಯುತ್ತಿರುವ ಸರ್ಕಾರಿ ಪ್ರಯೋಗ. ಡಿಸೆಂಬರ್ 2023ರಲ್ಲಿ ಬ್ರೆಡಾ ಮತ್ತು ಟಿಲ್‌ಬರ್ಗ್‌ನಲ್ಲಿ ಶುರುವಾಗಿ, ಈಗ ಹತ್ತು ಊರುಗಳಲ್ಲಿದೆ: ಆಲ್ಮೆರೆ, ಆರ್ನೆಮ್, ಬ್ರೆಡಾ, ಖ್ರೋನಿಂಗನ್, ಹೀರ್ಲೆನ್, ಮಾಸ್ಟ್ರಿಕ್ಟ್, ನೈಮೇಖನ್, ಟಿಲ್‌ಬರ್ಗ್, ಫೋರ್ನೆ ಆನ್ ಜ಼ೇ, ಜ಼ಾನ್‌ಸ್ಟಾಡ್. 7 ಏಪ್ರಿಲ್ 2025ರಿಂದ ಅಲ್ಲಿಯ ಕಾಫಿಶಾಪ್‌ಗಳು ಸರ್ಕಾರ ಆರಿಸಿದ ಬೆಳೆಗಾರರ ಗಾಂಜಾವನ್ನು ಮಾತ್ರ ಮಾರಬೇಕು. ಪ್ರಯೋಗಾಲಯದಲ್ಲಿ ಪರೀಕ್ಷೆಯಾದ, ಮೊಹರು ಹಾಕಿದ ಪೊಟ್ಟಣ, ಮೇಲೆ ಟಿಎಚ್‌ಸಿ, ಸಿಬಿಡಿ ಪ್ರಮಾಣ. ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಹೇಗ್ ಈ ಪಟ್ಟಿಯಲ್ಲಿ ಇಲ್ಲ.

ಇನ್ನೊಂದು, ಔಷಧಾಲಯ. 2003ರಿಂದ ಇಲ್ಲಿ ವೈದ್ಯರ ಚೀಟಿಗೆ ಗಾಂಜಾ ಸಿಗುತ್ತದೆ. ಖ್ರೋನಿಂಗನ್ ಪ್ರಾಂತ್ಯದ ಫೇನ್‌ಡಮ್‌ನಲ್ಲಿರುವ ಬೆಡ್ರೋಕಾನ್ ಬೆಳೆಯುತ್ತದೆ, ಆರೋಗ್ಯ ಇಲಾಖೆಯ ಔಷಧೀಯ ಗಾಂಜಾ ಕಚೇರಿ ಅದನ್ನು ಕೊಂಡು ಔಷಧಾಲಯಗಳಿಗೆ ಹಂಚುತ್ತದೆ. ಇಲ್ಲಿಯ ಪಟ್ಟಿ ನೋಡಿದರೆ ಆಡಿಟರ್‌ಗೆ ಸಮಾಧಾನ. ಬೆಡ್ರೋಕಾನ್ ಎಂಬುದರಲ್ಲಿ ಟಿಎಚ್‌ಸಿ ಶೇ. 22ರ ಸುಮಾರು, ಸಿಬಿಡಿ ಒಂದಕ್ಕಿಂತ ಕಡಿಮೆ. ಬೆಡಿಕಾದಲ್ಲಿ ಟಿಎಚ್‌ಸಿ 14ರ ಸುಮಾರು. ಬೆಡಿಯೋಲ್‌ನಲ್ಲಿ ಟಿಎಚ್‌ಸಿ 6.3, ಸಿಬಿಡಿ 8. ಬೆಡ್ರೊಲೈಟ್‌ನಲ್ಲಿ ಟಿಎಚ್‌ಸಿ ಒಂದಕ್ಕಿಂತ ಕಡಿಮೆ, ಹೆಚ್ಚಿನದೆಲ್ಲ ಸಿಬಿಡಿ. ಇವತ್ತು ಕೊಂಡ ಪೊಟ್ಟಣಕ್ಕೂ ಆರು ತಿಂಗಳ ನಂತರ ಕೊಂಡದ್ದಕ್ಕೂ ವ್ಯತ್ಯಾಸವಿಲ್ಲ. ಬಹುಸ್ಥಾನ ಕಾಠಿಣ್ಯದ ಸ್ನಾಯುಸೆಳೆತ, ದೀರ್ಘಕಾಲದ ನರನೋವು, ಕೀಮೋಥೆರಪಿಯ ವಾಕರಿಕೆ ಮೊದಲಾದವಕ್ಕೆ, ಬೇರೆ ಔಷಧ ನಾಟದಿದ್ದಾಗ, ವೈದ್ಯರು ಬರೆಯುತ್ತಾರೆ. ನಮ್ಮವರು ಹೌಸ್‌ಆರ್ಟ್ಸ್ ಹತ್ತಿರ ಈ ಮಾತೆತ್ತಲು ಹಿಂಜರಿಯುತ್ತಾರೆ. ಇಲ್ಲಿಯ ವೈದ್ಯರಿಗೆ ಇದು ದಿನನಿತ್ಯದ ಮಾತು. ನಿಮ್ಮ ಕಂಪನಿಗೆ ಅವರು ಹೇಳುವಂತಿಲ್ಲ.

ಇನ್ನು ಪ್ರಮಾಣದ ಲೆಕ್ಕ. ಇದಕ್ಕೆ ಕ್ಯಾಲ್ಕುಲೇಟರ್ ಬೇಡ. ಶೇ. 20ರ ಒಂದು ಗ್ರಾಂ ಗಾಂಜಾದಲ್ಲಿ 200 ಮಿಲಿಗ್ರಾಂ ಟಿಎಚ್‌ಸಿ. ಕಾಲು ಗ್ರಾಂ ಹಾಕಿ ಸುತ್ತಿದರೆ 50 ಮಿಲಿಗ್ರಾಂ. ಸೇದುವಾಗ ಬಹುಪಾಲು ಸುಟ್ಟು, ಗಾಳಿಗೆ ಹೋಗಿ, ಕಾಲುಭಾಗ ರಕ್ತಕ್ಕೆ ಸೇರಿತು ಅಂದುಕೊಂಡರೂ 12.5 ಮಿಲಿಗ್ರಾಂ. ಹೊಸಬರಿಗೆ ಸಾಮಾನ್ಯವಾಗಿ ಹೇಳುವ ಆರಂಭದ ಪ್ರಮಾಣ ಎರಡೂವರೆ ಮಿಲಿಗ್ರಾಂ. ಅಂದರೆ ಒಂದೆರಡು ದಮ್ಮು, ಆಮೇಲೆ ಕಾಲು ಗಂಟೆ ಸುಮ್ಮನೆ ಕೂರುವುದು. ಇಡೀ ಸುರುಳಿ ಒಬ್ಬನೇ ಮುಗಿಸುವುದೆಂದರೆ ಮೊದಲ ದಿನವೇ ಬಿಯರ್ ಲೋಟದಲ್ಲಿ ವಿಸ್ಕಿ ಕುಡಿದಂತೆ. ಇನ್ನೊಂದು ಸೂಕ್ಷ್ಮ: ಹಸಿ ಹೂವಿನಲ್ಲಿ ಇರುವುದು ಟಿಎಚ್‌ಸಿಯ ಆಮ್ಲರೂಪ, ಬಿಸಿ ತಾಗಿದಾಗ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ನಿಜವಾದ ಟಿಎಚ್‌ಸಿ ಆಗುತ್ತದೆ. ಹಾಗಾಗಿ ಆಮ್ಲದ ಅಂಕಿಯನ್ನು 0.877ರಿಂದ ಗುಣಿಸಬೇಕು. ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ ಇದ್ದ ಹಾಗೆ. ಚೀಟಿಯ ಮೇಲೆ 'ಒಟ್ಟು ಟಿಎಚ್‌ಸಿ' ಎಂದಿದ್ದರೆ ಈ ಕಡಿತ ಆಗಿದೆ ಎಂದರ್ಥ.

ಸ್ಪೇಸ್ ಕೇಕ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಊರಿನಿಂದ ಬಂದವರು 'ಸೇದುವುದು ಬೇಡಪ್ಪ, ತಿನ್ನುವುದಾದರೆ ಪರವಾಗಿಲ್ಲ' ಎಂದು ಆರಿಸುವುದು ಇದನ್ನೇ. ತಿಂದದ್ದು ಯಕೃತ್ತಿನ ಮೂಲಕ ಹೋಗುವಾಗ ಟಿಎಚ್‌ಸಿ ಇನ್ನೂ ಜೋರಾದ ಇನ್ನೊಂದು ರೂಪಕ್ಕೆ ಬದಲಾಗುತ್ತದೆ. ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ. ಮುಕ್ಕಾಲು ಗಂಟೆ ಕಾದು, ಏನೂ ಆಗಲಿಲ್ಲ ಎಂದು ಇನ್ನೊಂದು ತುಂಡು ತಿನ್ನುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಏರಿ ಆರೆಂಟು ಗಂಟೆ ಇಳಿಯುವುದಿಲ್ಲ. ನನ್ನ ಪರಿಚಯದ ಒಂದು ಕುಟುಂಬದ ಅತಿಥಿ, ಐವತ್ತು ದಾಟಿದವರು, ಎದೆ ಬಡಿತ ಜೋರಾಗಿ 'ನಾನು ಸಾಯುತ್ತಿದ್ದೇನೆ' ಎಂದು ಹೋಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತರು. ಜೊತೆಗಿದ್ದವರು ಪೊಲೀಸರು ಬರುತ್ತಾರೆಂದು ಹೆದರಿ ಆಂಬುಲೆನ್ಸ್ ಕರೆಯಲು ಒಂದು ಗಂಟೆ ತಡ ಮಾಡಿದರು. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಹೊತ್ತಿನಲ್ಲಿ 112ಕ್ಕೆ ಕರೆ ಮಾಡಿ, ಏನು ತಿಂದರು, ಎಷ್ಟು ತಿಂದರು ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ತಿಂದವರನ್ನು ಹಿಡಿಯಲು ಯಾರೂ ಬರುವುದಿಲ್ಲ.

ಸೇದುವವರಿಗೆ ಒಂದು ಮಾತು: ಇಲ್ಲಿಯ ರೂಢಿಯಲ್ಲಿ ಗಾಂಜಾಕ್ಕೆ ಹೊಗೆಸೊಪ್ಪು ಬೆರೆಸುತ್ತಾರೆ. ಸಿಗರೇಟು ಮುಟ್ಟದ ನಮ್ಮ ಹುಡುಗರು ಗಾಂಜಾದ ನೆಪದಲ್ಲಿ ನಿಕೋಟಿನ್ ಚಟ ಹತ್ತಿಸಿಕೊಂಡದ್ದನ್ನು ನೋಡಿದ್ದೇನೆ. ಸುಡದೆ ಬಿಸಿ ಮಾಡುವ ಯಂತ್ರಗಳಿವೆ, ಔಷಧಾಲಯದವರು ಹೇಳುವುದೂ ಅದನ್ನೇ.

ಈಗ ನಿದ್ದೆಯ ಪ್ರಶ್ನೆಗೆ ಬರುತ್ತೇನೆ, ಅತಿ ಹೆಚ್ಚು ಜನ ಕೇಳುವುದು ಅದು. ಟಿಎಚ್‌ಸಿ ಬೇಗ ಜೊಂಪು ಹತ್ತಿಸಬಹುದು, ನಿಜ. ಕೆಲವು ವಾರ ದಿನಾ ಬಳಸಿದರೆ ದೇಹ ಒಗ್ಗಿಕೊಂಡು, ಅದೇ ನಿದ್ದೆಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ನಿಲ್ಲಿಸಿದರೆ ಮೊದಲಿಗಿಂತ ಕೆಟ್ಟ ನಿದ್ದೆ, ಹುಚ್ಚು ಕನಸುಗಳು. ಆಗ 'ನೋಡಿ, ಅದಿಲ್ಲದೆ ನಿದ್ದೆ ಬರಲ್ಲ' ಎಂದು ಮತ್ತೆ ಹೋಗುತ್ತಾರೆ. ಸಾಲ ತೀರಿಸಲು ಸಾಲ ಮಾಡುವುದನ್ನು ನಾನು ದಿನಾ ನೋಡುತ್ತೇನೆ, ಇದು ಅದೇ. ಇಂಡಿಕಾ ಎಂಬ ಹೆಸರು ಇದನ್ನು ಬದಲಿಸುವುದಿಲ್ಲ. ಆತಂಕಕ್ಕೂ ಹೀಗೆಯೇ: ಸ್ವಲ್ಪ ಪ್ರಮಾಣ ಸಮಾಧಾನ ತರಬಹುದು, ಹೆಚ್ಚಾದರೆ ಅದೇ ಟಿಎಚ್‌ಸಿ ಆತಂಕ ಹುಟ್ಟಿಸುತ್ತದೆ. ಬಳಸಿಯೇ ತೀರುವುದಾದರೆ ಬೆಡಿಯೋಲ್ ಥರದ, ಟಿಎಚ್‌ಸಿ ಕಡಿಮೆ ಇರುವ ಎರಡನೇ ಗುಂಪಿನದು ಒಪ್ಪಬಹುದಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಸಿಬಿಡಿ ಇದ್ದ ಮಾತ್ರಕ್ಕೆ ಟಿಎಚ್‌ಸಿಯ ಕೆಡುಕು ತಪ್ಪುತ್ತದೆ ಎಂದು ಮಾತ್ರ ಎಣಿಸಬೇಡಿ. ಲಾಭ ಇರುವುದು ಟಿಎಚ್‌ಸಿ ಕಡಿಮೆ ಇರುವುದರಲ್ಲಿ.

ಕೆಲವರಿಗೆ ಯಾವ ತಳಿಯೂ ಹೊಂದುವುದಿಲ್ಲ. 2019ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಮಾರ್ತಾ ಡಿ ಫೋರ್ಟಿ ಮತ್ತು ಸಂಗಡಿಗರ ಅಧ್ಯಯನ ಬಂತು. ಯೂರೋಪ್ ಮತ್ತು ಬ್ರೆಜಿಲ್‌ನ ಹನ್ನೊಂದು ಕಡೆ ಮೊದಲ ಸಲ ಮನೋವಿಕಲತೆಗೆ ಒಳಗಾದವರನ್ನು ನೋಡಿದಾಗ, ಟಿಎಚ್‌ಸಿ ಶೇ. 10 ಅಥವಾ ಹೆಚ್ಚಿರುವುದನ್ನು ದಿನಾ ಬಳಸುವವರಲ್ಲಿ ಆ ಸಾಧ್ಯತೆ ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು ಕಂಡಿತು. ಇಂಥ ಜೋರು ಗಾಂಜಾ ಇಲ್ಲದೇ ಹೋಗಿದ್ದರೆ ಹೊಸ ಪ್ರಕರಣಗಳಲ್ಲಿ ಎಷ್ಟು ಪಾಲು ತಪ್ಪುತ್ತಿತ್ತು ಎಂಬ ಅಂದಾಜಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಆಮ್‌ಸ್ಟರ್‌ಡ್ಯಾಮ್, ಸುಮಾರು ಅರ್ಧ. ಸಂಬಂಧ ಇದೆ ಎಂದ ಮಾತ್ರಕ್ಕೆ ಅದೇ ಕಾರಣ ಎಂದಾಗದು, ಸರಿ. ಆದರೂ ನಿಮ್ಮ ಮನೆತನದಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದರೆ ಹತ್ತಿರ ಹೋಗಬೇಡಿ. ನಮ್ಮಲ್ಲಿ ಇಂಥ ಇತಿಹಾಸವನ್ನು 'ಚಿಕ್ಕಪ್ಪನಿಗೆ ಸ್ವಲ್ಪ ತಲೆ ಸರಿ ಇರಲಿಲ್ಲ', 'ಅತ್ತೆಗೆ ಗಾಳಿ ಹಿಡಿದಿತ್ತು' ಎಂದು ಮುಚ್ಚಿಟ್ಟಿರುತ್ತೇವೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಆ ಚಿಕ್ಕಪ್ಪನ ಹೆಸರೂ ಗೊತ್ತಿಲ್ಲ. ಹದಿನೆಂಟು ತುಂಬಿದ ದಿನ ಕಾಫಿಶಾಪ್ ಬಾಗಿಲು ಅವರಿಗೆ ತೆರೆಯುತ್ತದೆ. ಅದಕ್ಕೆ ಮುಂಚೆ ಆ ಸಂಗತಿಯನ್ನು ಮಕ್ಕಳಿಗೆ ಹೇಳಿ. ಇಪ್ಪತ್ತೈದರವರೆಗೆ ಮಿದುಳು ಬೆಳೆಯುತ್ತಲೇ ಇರುತ್ತದೆ. ಗರ್ಭಿಣಿಯರು, ಎದೆಹಾಲು ಕೊಡುವವರು, ಹೃದಯದ ತೊಂದರೆ ಇರುವವರೂ ದೂರವೇ ಇರಬೇಕು. ವಾರ್ಫರಿನ್ ಥರದ ಮಾತ್ರೆ ತೆಗೆದುಕೊಳ್ಳುವವರು ಸಿಬಿಡಿ ಎಣ್ಣೆಗೂ ವೈದ್ಯರನ್ನು ಕೇಳಲಿ.

ನಾವು ವೀಸಾದ ಮೇಲೆ ಇರುವವರು, ಹಾಗಾಗಿ ಕಾನೂನಿನ ನಾಲ್ಕು ಮಾತು ಬೇಗ ಹೇಳಿಬಿಡುತ್ತೇನೆ. 1 ಜುಲೈ 2017ರಿಂದ ಇಲ್ಲಿ ವಾಹನ ಓಡಿಸುವವರಿಗೆ ರಕ್ತದಲ್ಲಿ ಟಿಎಚ್‌ಸಿಯ ಮಿತಿ ಲೀಟರಿಗೆ 3 ಮೈಕ್ರೋಗ್ರಾಂ. ಜೊತೆಗೆ ಮದ್ಯವೂ ಇದ್ದರೆ 1. ರಸ್ತೆಯಲ್ಲಿ ಜೊಲ್ಲಿನ ಪರೀಕ್ಷೆ ಮಾಡುತ್ತಾರೆ. ಡಚ್ ಪೌರತ್ವಕ್ಕೆ ಅರ್ಜಿ ಹಾಕುವವರಿಗೆ ಹಿಂದಿನ ಐದು ವರ್ಷದಲ್ಲಿ ಅಪರಾಧಕ್ಕಾಗಿ 810 ಯೂರೋ ಅಥವಾ ಹೆಚ್ಚಿನ ದಂಡ ಬಿದ್ದಿದ್ದರೆ ಅರ್ಜಿ ನಿಲ್ಲುತ್ತದೆ. ಬ್ಯಾಂಕು, ಲೆಕ್ಕಪತ್ರದ ಕೆಲಸದವರಿಗೆ ಸನ್ನಡತೆಯ ಪ್ರಮಾಣಪತ್ರದ ಚಿಂತೆ ಬೇರೆ. ಬಾಡಿಗೆ ಮನೆಯಲ್ಲಿ ಗಿಡ ಬೆಳೆಸುವುದನ್ನು ಮರೆತುಬಿಡಿ. ಐದು ಗಿಡದವರೆಗೆ ಸಾಮಾನ್ಯವಾಗಿ ಕಿತ್ತುಕೊಂಡು ಬಿಡುತ್ತಾರೆ, ಮೊಕದ್ದಮೆ ಹೂಡುವುದಿಲ್ಲ. ಮನೆಯ ಮಾಲೀಕ ಮನೆ ಬಿಡಿಸಲು ಅಷ್ಟೇ ಸಾಕು. ಕಂಪನಿಯವರು ಮನಬಂದಂತೆ ನಿಮ್ಮ ರಕ್ತ, ಮೂತ್ರ ಪರೀಕ್ಷೆ ಮಾಡಿಸುವಂತಿಲ್ಲ. ವಿಮಾನ, ರೈಲು, ಹಡಗು ನಡೆಸುವವರಂಥ ಕಾನೂನಿನಲ್ಲಿ ಹೆಸರಿಸಿದ ಕೆಲಸಗಳಿಗೆ ಮಾತ್ರ ಆ ಅವಕಾಶ.

ಊರಿಗೆ ಒಯ್ಯುವ ಮಾತು. ಒಯ್ಯಬೇಡಿ. ಅಮ್ಮನ ಮಂಡಿಗೆಂದರೂ ಬೇಡ, ಎಣ್ಣೆಯಾದರೂ ಬೇಡ. ಯಾದಗಿರಿಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದದ ರೂಢಿ ಇದೆ, ಶಿವರಾತ್ರಿಗೆ ಭಂಗಿ ಕುಡಿಯುತ್ತಾರೆ, ನಿಜ. ಆದರೆ 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ತುದಿ, ಚರಸ್ ಎಂದರೆ ಅದರ ರಾಳ. ಬರೀ ಎಲೆಯ ಭಂಗಿ ಆ ವ್ಯಾಖ್ಯೆಯ ಹೊರಗೆ. ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಭಂಗಿ ಈ ಕಾಯ್ದೆಯ ಗಾಂಜಾ ಅಲ್ಲ ಎಂಬ ನಿಲುವು ತಳೆಯಿತು. ಇಲ್ಲಿಯ ಕಾಫಿಶಾಪ್ ಮಾಲು ಪೂರ್ತಿ ಹೂವು, ರಾಳ. ಅದನ್ನು ದೇಶದೊಳಗೆ ತರುವುದು ಜೈಲಿಗೆ ಹೋಗುವ ಅಪರಾಧ. ದಾರಿಯಲ್ಲಿ ವಿಮಾನ ಬದಲಿಸುವ ದೇಶಗಳ ಕಾನೂನು ಇನ್ನೂ ಕಠಿಣ. ಸಿಂಗಪುರದಲ್ಲಿ 500 ಗ್ರಾಂ ಮೀರಿ ಸಾಗಿಸಿದರೆ ಮರಣದಂಡನೆ ಇದೆ. ಕೋಟಿನ ಜೇಬು, ಕ್ಯಾಮೆರಾ ಚೀಲ, ಮಕ್ಕಳ ಬೆನ್ನುಚೀಲ ಎಲ್ಲವನ್ನೂ ಸ್ಖಿಪೋಲ್‌ಗೆ ಹೊರಡುವ ಹಿಂದಿನ ರಾತ್ರಿ ಕೊಡವಿ ನೋಡಿ. ವೈದ್ಯರ ಚೀಟಿಯ ಔಷಧವಾದರೆ ಷೆಂಗೆನ್ ದೇಶಗಳಿಗೆ, ಸಿಎಕೆ ಕಚೇರಿಯಿಂದ ಪ್ರಮಾಣಪತ್ರ ಪಡೆದು, ಗರಿಷ್ಠ 30 ದಿನಗಳಿಗಾಗುವಷ್ಟು ಒಯ್ಯಬಹುದು.

ಬಳಕೆ ಕೈಮೀರುತ್ತಿದೆ ಅನ್ನಿಸಿದವರಿಗೆ ಆಮ್‌ಸ್ಟರ್‌ಡ್ಯಾಮ್ ಸುತ್ತಿನಲ್ಲಿ ಯೆಲ್ಲಿನೆಕ್ ಸಂಸ್ಥೆ ಇದೆ, ಬೇರೆ ಊರಿನವರಿಗೆ ಹೌಸ್‌ಆರ್ಟ್ಸ್ ದಾರಿ ತೋರಿಸುತ್ತಾರೆ.

ಕೊನೆಯದಾಗಿ, ನನ್ನ ಇಲಾಖೆಗೆ ಸೇರಿದ ಒಂದು ಉಪಯೋಗದ ಸಂಗತಿ. ಔಷಧೀಯ ಗಾಂಜಾದ ಖರ್ಚನ್ನು ಮೂಲ ಆರೋಗ್ಯ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ವೈದ್ಯರು ಬರೆದುಕೊಟ್ಟ, ವಿಮೆ ಕೊಡದ ಔಷಧದ ವೆಚ್ಚ ಮಾತ್ರ, ನಿಮ್ಮ ಆದಾಯಕ್ಕೆ ನಿಗದಿಯಾದ ಮಿತಿಯನ್ನು ದಾಟಿದರೆ, ವಾರ್ಷಿಕ ತೆರಿಗೆ ವಿವರದಲ್ಲಿ ವಿಶೇಷ ಚಿಕಿತ್ಸಾ ವೆಚ್ಚದ ಅಡಿ ಕಡಿತಕ್ಕೆ ಬರುತ್ತದೆ. ಔಷಧಾಲಯದ ಬಿಲ್ಲು, ವೈದ್ಯರ ಚೀಟಿಯ ಪ್ರತಿ, ವಿಮೆಯವರು ನಿರಾಕರಿಸಿದ ಪತ್ರ, ಮೂರನ್ನೂ ಒಂದು ಕಡತದಲ್ಲಿ ಐದು ವರ್ಷ ಎತ್ತಿಡಿ. ವಿಮೆಯ ಸ್ವಂತ ಪಾಲನ್ನು ಅದರಲ್ಲಿ ಸೇರಿಸಬೇಡಿ, ಅದು ಕಡಿತಕ್ಕೆ ಬರುವುದಿಲ್ಲ. ಕಾಫಿಶಾಪ್‌ನ ರಸೀದಿಯೂ ಬರುವುದಿಲ್ಲ. ಹೋದ ವರ್ಷ ಇಬ್ಬರು ತಂದುಕೊಟ್ಟಿದ್ದರು.